ಒಲೆಯ ಮುಂದಿನ ತಗ್ಗು

ಹೆಣ್ಣು ಹುಟ್ಟಿದೆ. ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ನನ್ನ ಕಡೇ ಮಗಳು ಹೆಣ್ಣು ಹೆತ್ತಿದ್ದಾಳೆ. ಇವತ್ತು ಮುಂಜಾನೆ ತಾಯಿ, ಕೂಸು ಇಬ್ಬರೂ ಹಾನಗಲ್ಲಿನ ದವಾಖಾನೆಯಿಂದ ಮನೆಗೆ ಬಂದರು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಶಿಗ್ಗಾಂವಿಯಿಂದ ಬಂದ ಬೀಗತಿ ಕೂಸಿನ ಮುಖ ನೋಡಿ, "ಹೆಣ್ಣಾತು. ಇರ್ಲಿ ಬಿಡ್ರಿ" ಅಂದರು. "ಇರ್ಲಿ ಬಿಡ್ರಿ ಅನ್ನಾಕ ಇದೇನ್ ಹರದ ಸೀರೇನ್ರಿ? ನಮಗ ಹೆಣ್ಣ ಬೇಕಾಗಿತ್ತು" ಅಂದೆ ನಾನು. ನಮ್ಮ ಕಡೆ ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಜಿಲೇಬಿ ಹಂಚುವ ರೂಢಿ. ನಾನು ಎರಡನ್ನೂ ತರಿಸಿ ಓಣಿಗೆಲ್ಲ ಹಂಚಿಸಿದೆ. ಕೇಳುವವರು ಕೇಳಲಿ.

ಬಾಣಂತಿ ಕೋಣೆಗೆ ಬೆಂಕಿ ಬೇಕಾಯಿತು. ಅಟ್ಟದ ಮೇಲಿದ್ದ ಹಳೆಯ ಶೆಗಡಿ ಇಳಿಸಿ, ಧೂಳು ಜಾಡಿಸಿ, ಇದ್ದಿಲು ತುಂಬಿ ಹೊತ್ತಿಸಿದೆ. ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ನೆಗೆಣ್ಣಿ ಬಂದು ಬಾಗಿಲಲ್ಲಿ ನಿಂತಂತಾಯಿತು. ಆ ಶೆಗಡಿ ಆಕೆಯದು. ನನ್ನ ಗಂಡನ ಅಣ್ಣನ ಹೆಂಡತಿ ಆಕೆ. ನಾನು ಬಾಯಿ ತುಂಬ ಅಕ್ಕ ಅನ್ನುತ್ತಿದ್ದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ನಾನು ಮಾಸೂರಿನ ಸಾಲೆಗೆ ಸ್ವಲ್ಪೇ ದಿನ ಹೋದವಳು. ಅಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನಾನು ಲಗ್ನವಾಗಿ ಹಾನಗಲ್ಲಿನ ಈ ಮನೆಗೆ ಬಂದಾಗ ದೊಡ್ಡ ಯುದ್ಧ ನಡೆದಿತ್ತು. ಮನೆಯಲ್ಲಿ ಅತ್ತೆ, ಭಾವ, ಅಕ್ಕ, ಅವರ ಎರಡು ಸಣ್ಣ ಮಕ್ಕಳು, ನಾವಿಬ್ಬರು. ಹೊಲಕ್ಕೆ ಬರುವ ಆಳುಗಳ ಊಟವೂ ನಮ್ಮ ಒಲೆಯ ಮೇಲೆಯೇ. ಅಕ್ಕ ಸವಣೂರು ಕಡೆಯವಳು. ಆಕೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಬೀದಿಯಲ್ಲಿ ಹೋಗುವವರು, "ಗೌಡ್ರ ಮನ್ಯಾಗ ಊಟಕ್ಕ ವ್ಯಾಳ್ಯಾ ಆತು" ಅನ್ನುತ್ತಿದ್ದರು. ತೆಳ್ಳಗೆ, ದುಂಡಗೆ ಬಡಿದು, ಹಂಚಿನಿಂದ ತೆಗೆದು ಕೆಂಡದ ಮುಂದೆ ಒರಗಿಸಿ ನಿಲ್ಲಿಸಿದರೆ ರೊಟ್ಟಿ ಉಬ್ಬಿ ನಿಲ್ಲುತ್ತಿತ್ತು.

ನಾನು ಬಂದ ಮರುವರ್ಷ ಬತ್ತದ ಬಂಡಿ ಮಗುಚಿ ಅಕ್ಕನ ಕಾಲು ಅದರಡಿ ಸಿಕ್ಕಿತು. ನಾಟಿ ವೈದ್ಯ ಬಿದಿರುಕಟ್ಟು ಹಾಕಿದ. ಎಲುಬು ಕೂಡಿತು, ಆದರೆ ಮಣಕಾಲು ಮತ್ತೆ ಮಡಚಲಿಲ್ಲ. ನಿಲ್ಲುತ್ತಿದ್ದಳು, ನಡೆಯುತ್ತಿದ್ದಳು, ನೀರು ತರುತ್ತಿದ್ದಳು. ಕುಕ್ಕರಗಾಲಲ್ಲಿ ಕೂಡುವುದು ಮಾತ್ರ ಆಗಲಿಲ್ಲ. ಆಗಿನ ಒಲೆಗಳೆಲ್ಲ ನೆಲದ ಮೇಲೆ. ನೆಲದಲ್ಲಿ ಕೂತೇ ಉರಿ ಹಚ್ಚಬೇಕು, ನೆಲದಲ್ಲಿ ಕೂತೇ ರೊಟ್ಟಿ ಬಡಿಯಬೇಕು. ಅಕ್ಕ ಕಾಲು ಉದ್ದ ಚಾಚಿ, ಮೈ ಓರೆ ಮಾಡಿ ಬಡಿದು ನೋಡಿದಳು. ಸೀರೆಯ ಸೆರಗು ಉರಿಗೆ ಸಿಕ್ಕಿತು. ನಾನು ತಂಬಿಗೆ ನೀರು ಎರಚಿ ಆರಿಸಿದೆ.

ಅತ್ತೆ ಅದನ್ನು ನೋಡಿದರು. ಎರಡು ದಿನ ಬಿಟ್ಟು ಭಾವನಿಗೆ ಉಣಬಡಿಸುತ್ತ ಹೇಳಿದರು, ನಮಗೆಲ್ಲ ಕೇಳುವ ಹಾಗೆ.

"ಒಲಿ ಮುಂದ ಕುಂಡ್ರಾಕ ಬರ್ಲಾರದ ಸೊಸಿ ಇದ್ರ ಹ್ಯಾಂಗೋ? ನಿನಗ ಇನ್ನೊಂದು ಲಗ್ನ ಮಾಡೂಣು. ಈಕಿನ್ನೇನ್ ಹೊರಗ ಹಾಕಂಗಿಲ್ಲ. ಮೂಲ್ಯಾಗ ಕುಂತು ಉಣ್ಲಿ."

ಆಗ ಹಾಗೆ ನಡೆಯುತ್ತಿತ್ತು. ಹಿರೇಕೆರೂರಿನಲ್ಲಿ ಹೆಣ್ಣು ಇದೆ ಅಂತ ಅತ್ತೆ ಆಗಲೇ ಹೇಳಿಕಳಿಸಿ ಆಗಿತ್ತು. ಭಾವ ತಲೆ ಎತ್ತಲಿಲ್ಲ. ಒಳ್ಳೆಯವರು, ಆದರೆ ತಾಯಿಯ ಮಾತಿಗೂ ಹೂಂ, ಹೆಂಡತಿಯ ಮಾತಿಗೂ ಹೂಂ. ಅಕ್ಕ ಹಿತ್ತಲಿಗೆ ಬಂದು ನನ್ನ ಮುಂದೆ ನಿಂತಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ.

"ಮೂಲ್ಯಾಗ ಕುಂತು ಉಣ್ಣಾಕ ನಾ ಏನ್ ಬೆಕ್ಕೇನ? ಕುಂಡ್ರೂದ ಆಗ್ವಲ್ದು ನನಗ. ಮಾಡೂದಲ್ಲ."

ಭಾವ ಹುಬ್ಬಳ್ಳಿಗೆ ಹೋದವರು ಹಿತ್ತಾಳೆಯ ಪಂಪಿನ ಸ್ಟೋವ್ ತಂದರು. ಜಗಳ ಬ್ಯಾಡ ಅಂತ ತಂದದ್ದು. ಅದನ್ನು ಮರದ ಪೆಟ್ಟಿಗೆಯ ಮೇಲಿಟ್ಟು ಅಕ್ಕ ನಿಂತು ಹೊತ್ತಿಸಿದಳು. ಪಂಪು ಹೊಡೆದಂತೆ ಅದು ಭರ್ರ್ ಅಂತ ಕೂಗಿತು, ಮಕ್ಕಳು ಓಡಿಹೋದವು. ಚಹಾಕ್ಕೆ, ಹಾಲು ಕಾಸಲಿಕ್ಕೆ ಅದು ಚೆನ್ನಾಗಿತ್ತು. ರೊಟ್ಟಿಯ ಹಂಚು ಇಟ್ಟರೆ ಉರಿಯೆಲ್ಲ ನಡುವೆ. ರೊಟ್ಟಿ ನಡುವೆ ಕರ್ರಗೆ ಸುಟ್ಟು, ಅಂಚಿಗೆ ಹಸಿ ಹಿಟ್ಟು. ಒರಗಿಸಿ ಉಬ್ಬಿಸಲು ಕೆಂಡವೇ ಇಲ್ಲ. ಮೇಲಾಗಿ ಯುದ್ಧದ ಕಾಲ, ಚಿಮಣಿ ಎಣ್ಣೆ ದೀಪಕ್ಕೇ ಸಾಲುತ್ತಿರಲಿಲ್ಲ. ಅತ್ತೆ ಸುಟ್ಟ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು, "ನಡಕ ಅಮಾಸಿ, ಸುತ್ತ ಹುಣ್ಣಿವಿ" ಅಂದರು. ಅಕ್ಕನೂ ನಕ್ಕಳು. ನಕ್ಕು ಸ್ಟೋವ್ ಆರಿಸಿದಳು.

ಆಮೇಲೆ ಶೆಗಡಿ ಬಂತು, ಇವತ್ತು ಬಾಣಂತಿ ಕೋಣೆಯಲ್ಲಿ ಇರುವುದೇ ಅದು. ಅದನ್ನೂ ಪೆಟ್ಟಿಗೆಯ ಮೇಲಿಟ್ಟು ನೋಡಿದಳು. ಕೆಂಡವೇನೋ ಇತ್ತು, ರೊಟ್ಟಿ ಉಬ್ಬಿತು. ಆದರೆ ಒಂದು ಕೈ ಬೀಸಣಿಕೆಗೇ ಬೇಕು, ರೊಟ್ಟಿ ಬಡಿಯಲು ಎರಡೂ ಕೈ ಬೇಕು. ನಾನು ಬೀಸುತ್ತ ನಿಂತರೆ ನೀರು, ಕಸ, ದನದ ಕೆಲಸ ಯಾರು ಮಾಡುವುದು? ಆಳುಗಳ ಬುತ್ತಿ ಕಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿತ್ತು. ಬೀಸುವುದು ನಿಂತು ಕೆಂಡ ಕುಂದಿದರೆ ಅಷ್ಟು ಮಂದಿಯ ಸಾರು ಕುದಿಯುತ್ತಲೇ ಇರಲಿಲ್ಲ.

"ಕಟ್ಟಿ ಹಾಕಿ ಅದರ ಮ್ಯಾಲ ಮಣ್ಣಿನ ಒಲಿ ಹಾಕ್ತೇನ್ರಿ ಅತ್ತಿ" ಅಂತ ಅಕ್ಕ ಕೇಳಿದಳು. "ನಿಂತ ಅಡಗಿ ಮಾಡ್ತೇನಿ."

ಅತ್ತೆ ಒಪ್ಪಲಿಲ್ಲ. ಸುಳ್ಳೇಕೆ ಹೇಳಲಿ, ಅವರ ಕಡೆಯಿಂದ ಕಾರಣವೂ ಇತ್ತು. ಮನೆಯಲ್ಲಿದ್ದದ್ದು ಅವರ ಅತ್ತೆ ಕೈಯಾರೆ ಹಾಕಿದ ಒಲೆ. ಬಿರುಕು ಬಿಟ್ಟರೆ ಮಣ್ಣು ಮೆತ್ತಬೇಕು, ಒಡೆಯಬಾರದು. ಒಡೆದರೆ ಮನೆಯ ಹಿರಿಯರಿಗೆ ಕೇಡು ಅಂತ ನಂಬಿಕೆ. ಹಳೆಯದನ್ನು ಇಟ್ಟುಕೊಂಡು ಹೊಸದು ಹಾಕೋಣ ಅಂದರೆ ಅದು ಇನ್ನೂ ಕೆಟ್ಟದ್ದು. ಒಂದೇ ಮನೆಯಲ್ಲಿ ಎರಡನೇ ಮಣ್ಣಿನ ಒಲೆ ಹೊತ್ತಿತು ಅಂದರೆ ಅಣ್ಣತಮ್ಮಂದಿರು ಬೇರೆಯಾದರು ಅಂತಲೇ ಊರು ಮಾತಾಡುತ್ತಿತ್ತು. ಸ್ಟೋವು, ಶೆಗಡಿ ಎತ್ತಿಡುವ ಸಾಮಾನು, ಅವು ಲೆಕ್ಕಕ್ಕಿಲ್ಲ. ನೆಲಕ್ಕೆ ಕೂಡಿದ್ದು ಒಲೆ.

"ಒಡಿಯಾಕೂ ಬಿಡೂದಿಲ್ಲ, ಇನ್ನೊಂದು ಹಾಕಾಕೂ ಬಿಡೂದಿಲ್ಲ. ಆತು" ಅಂದಳು ಅಕ್ಕ. ಆ "ಆತು" ನನಗೆ ಸರಿ ಕಾಣಲಿಲ್ಲ. ಸೋತವರು ಹಾಗೆ ಅನ್ನುವುದಿಲ್ಲ...

ಹಿರೇಕೆರೂರಿನವರು ಮನೆ ನೋಡಲು ಬರುತ್ತೇವೆ ಅಂತ ಹೇಳಿಕಳಿಸಿದರು. ಅದಕ್ಕೆ ಮುಂಚೆ ಅತ್ತೆ ದುಂಡಸಿಗೆ, ತಂಗಿಯ ಮನೆಗೆ ಹೋದರು. ಗಂಡಸರು ಸುಗ್ಗಿಯ ಕಣದಲ್ಲಿದ್ದರು. ಅತ್ತೆ ಹತ್ತಿದ ಬಂಡಿ ಓಣಿ ದಾಟುತ್ತಲೂ ಅಕ್ಕ ನನ್ನ ಕೈಗೆ ಗುದ್ದಲಿ ಕೊಟ್ಟಳು.

"ಒಲಿ ಮ್ಯಾಲ ಬರಾಕ ಒಲ್ಲೆ ಅಂತೈತಿ. ನಾನ ಕೆಳಗ ಇಳೀತೇನಿ. ಹೊಡಿ ಇಲ್ಲಿ."

ಒಲೆಯ ಬಾಯಿಯ ಎದುರಿಗೆ, ಅಡಿಗೆಮನೆಯ ನಟ್ಟನಡುವೆ, ನೆಲ ಅಗೆ ಅಂದಳು. ನಾನು ಬಾಗಿಲ ಕಡೆ ನೋಡಿಕೊಂಡೇ ಗುದ್ದಲಿ ಎತ್ತಿದೆ. ಆಕೆ ಮಾತ್ರ ಸವಣೂರು ಕಡೆ ಜೋಳ ತುಂಬಲು ಹಗೇವು ತೋಡುವುದನ್ನು ನೋಡಿ ಬೆಳೆದವಳು, ನೆಲದೊಳಗೆ ಇಳಿಯಲು ಹೆದರಿಕೆಯಿಲ್ಲ. ನಾನು ಅಗೆದೆ, ಆಕೆ ಕಾಲು ಚಾಚಿ ಅಂಚಿಗೆ ಕೂತು ಮಣ್ಣು ಬುಟ್ಟಿಗೆ ತುಂಬಿದಳು. ಆಗಾಗ ಇಳಿದು ನಿಂತು ನೋಡುವಳು. "ಇನ್ನೀಟ" ಅನ್ನುವಳು. ಒಲೆಯ ಬಾಯಿ ಆಕೆಯ ಸೊಂಟಕ್ಕೆ ಬಂದಾಗ ಸಾಕು ಅಂದಳು. ಇಳಿದು ಹತ್ತಲು ಒಂದು ಬದಿಗೆ ಗಿಡ್ಡ ಮೆಟ್ಟಿಲು ಬಿಟ್ಟು, ತಳಕ್ಕೆ ಹಾಸುಗಲ್ಲು ಹಾಕಿ, ಗೋಡೆಗೆ ಕೆಸರು ಮೆತ್ತಿ, ಸಗಣಿ ಸಾರಿಸಿದೆವು. ಈಗ ನೆಲವೇ ಆಕೆಗೆ ಕಟ್ಟೆ. ಹಿಟ್ಟಿನ ಪರಾತ, ಹಂಚು, ಕೆಂಡ, ಎಲ್ಲ ಕೈಗೆ ನೇರ.

ಅತ್ತೆ ಬಂದರು. ಹೊಸ್ತಿಲಲ್ಲೇ ನಿಂತರು.

"ಮನ್ಯಾಗ ಯಾರಿಗೆ ತಗದೀರಿ ಕುಣಿ?"

"ನನಗರೀ ಅತ್ತಿ" ಅಂದಳು ಅಕ್ಕ, ಅದರೊಳಗೇ ನಿಂತು ಹಿಟ್ಟು ನಾದುತ್ತ. "ಆದ್ರ ಇದರಾಗ ನಿಂದ್ರತೇನಿ, ಮಲಗೂದಿಲ್ಲ."

"ಮುಚ್ಚು ಅದನ್ನ."

"ನಿಮ್ಮ ಒಲಿ ಮುಟ್ಟಿಲ್ರಿ. ಎರಡನೇದು ಹಾಕಿಲ್ರಿ. ನೆಲ ಅಗೀಬ್ಯಾಡ ಅಂತ ನೀವು ಹೇಳಿರ್ಲಿಲ್ಲ. ಕಾಲು ತೊಳಕೊಂಡು ಬರ್ರಿ, ರೊಟ್ಟಿ ಬಿಸಿ ಅದಾವು."

ಅತ್ತೆ ಅವತ್ತು ಉಣ್ಣಲಿಲ್ಲ. ಕಣದಿಂದ ಬಂದ ಭಾವನ ಕಡೆ ನೋಡಿದರು. ಭಾವ ತಗ್ಗಿನ ಕಡೆ ನೋಡಿದರು, ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ತಾಟು ತೆಗೆದುಕೊಂಡು ಒಳಗೆ ಬಂದು ತಗ್ಗಿನ ಅಂಚಿಗೆ, ಅಕ್ಕನ ಎದುರಿಗೆ ಕೂತು ಉಂಡರು. ಗಂಡಸರು ಅಡಿಗೆಮನೆಯಲ್ಲಿ ಕೂತು ಉಣ್ಣುವ ಕಾಲ ಅಲ್ಲ ಅದು. ಆದರೂ ತಾಯಿಗೆ ಇನ್ನೊಂದು ಹೆಣ್ಣು ಬ್ಯಾಡ ಅಂತ ಹೇಳುವ ಬಾಯಿ ಅವರಿಗೆ ಬರಲಿಲ್ಲ. ಅದನ್ನು ಅಕ್ಕನೇ ನೋಡಿಕೊಳ್ಳಬೇಕಾಯಿತು.

ಹಿರೇಕೆರೂರಿನಿಂದ ಬಂದದ್ದು ಹೆಣ್ಣಿನ ತಂದೆ ಮತ್ತು ಅವನ ಅಕ್ಕ, ಒಬ್ಬ ಗಟ್ಟಿ ಮುದುಕಿ. ತಂದೆ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತ. ಹೆಣ್ಣು ಕೊಡುವವರು ಒಲೆ ನೋಡದೆ ಕೊಡುತ್ತಾರೆಯೇ? ಮುದುಕಿ ಸೀದಾ ಅಡಿಗೆಮನೆಗೆ ನಡೆದಳು. ಅತ್ತೆ ತಡೆಯಲು ಹೋದರು, ಆಗಲೇ ಹೊತ್ತು ಮೀರಿತ್ತು. ಹೆಂಗಸೊಬ್ಬಳು ನೆಲದಿಂದ ಸೊಂಟದವರೆಗಷ್ಟೇ ಮೇಲೆ ಕಾಣುತ್ತ ರೊಟ್ಟಿ ಬಡಿಯುವುದು ಕಂಡು ಮುದುಕಿ ಗಕ್ಕನೆ ನಿಂತಳು.

"ಅಯ್ಯ ಶಿವನ, ಈಕಿಗೆ ಕಾಲ ಇಲ್ಲೇನ?"

"ಅದಾವ್ರಿ, ಕೆಳಗ ಇಟ್ಟೇನಿ" ಅಂದಳು ಅಕ್ಕ. "ಬರ್ರಿ, ಕುಂತ್ಕೋರಿ. ನಿಮ್ಮ ಹುಡುಗಿಗೂ ಜಾಗಾ ಬೇಕಂದ್ರ ಹೇಳ್ರಿ, ಇನ್ನೀಟ ಅಗಲ ಮಾಡ್ತೇವಿ."

ನಾನು ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡೆ. ಮುದುಕಿ ಅಲ್ಲೇ ನೆಲಕ್ಕೆ ಕೂತಳು, ಕೂತಾಗ ಇಬ್ಬರ ಮುಖವೂ ಎದುರುಬದುರು ಬಂತು. ಅಕ್ಕ ಉಬ್ಬಿದ ರೊಟ್ಟಿಯನ್ನು ಕೆಂಡದ ಮುಂದಿನಿಂದ ತೆಗೆದು, ಪುಂಡಿಪಲ್ಯ, ಒಂದು ಬೆಣ್ಣೆ ಉಂಡಿ ಇಟ್ಟು ಕೊಟ್ಟಳು. ಕೊಟ್ಟು ತನ್ನ ಕೆಲಸಕ್ಕೆ ತಿರುಗಿದಳು. ಬೇಡಿಕೊಳ್ಳಲಿಲ್ಲ, ತನ್ನ ಕಾಲಿನ ಕಥೆ ಹೇಳಲಿಲ್ಲ. ಮುದುಕಿ ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಒಡ್ಡಿದಳು. ಅದನ್ನೂ ಮುಗಿಸಿ ಕೈ ತೊಳೆದು ಪಡಸಾಲೆಗೆ ಹೋದಳು.

"ಏಳಪ್ಪಾ ತಮ್ಮಾ" ಅಂದಳು. "ಮನ್ಯಾಗ ರೊಟ್ಟಿ ಬಡಿಯಾವ್ರಿಲ್ಲ ಅಂತ ಹೇಳಿದ್ರು. ಅದಾರ. ನಮ್ಮ ಹುಡುಗಿ ಬಂದು ಏನ್ ಮಾಡ್ತಾಳ, ಮ್ಯಾಲ ಕುಂತು ನೋಡ್ತಾಳೇನು?"

ಅತ್ತೆ ಏನೋ ಹೇಳಲು ಹೋದರು. ಮುದುಕಿ, "ಯಕ್ಕಾ, ನಿಮ್ಮ ಮನಿ ರೊಟ್ಟಿ ಉಂಡೇನಿ, ಸುಳ್ಳ ಹೇಳಿಸಬ್ಯಾಡ್ರಿ" ಅಂದು ಚಪ್ಪಲಿ ಮೆಟ್ಟಿದಳು. ಹಿರೇಕೆರೂರಿನ ಮಾತು ಅಲ್ಲಿಗೆ ಮುಗಿಯಿತು. ಅತ್ತೆ ಮತ್ತೆ ಬೇರೆ ಊರಿನ ಹೆಸರು ಎತ್ತಲಿಲ್ಲ. ಎತ್ತಿದ್ದರೂ ಅಕ್ಕ ಆ ತಗ್ಗಿನಿಂದ ಮೇಲೆ ಬರುತ್ತಿರಲಿಲ್ಲ ಬಿಡಿ.

ಒಂದೆರಡು ವರ್ಷದ ಮೇಲಿನ ಮಾತು. ನಾನು ಬಾವಿಯಿಂದ ಬಂದು ನೋಡುತ್ತೇನೆ, ಅತ್ತೆ ತಗ್ಗಿನಲ್ಲಿ ನಿಂತು ರೊಟ್ಟಿ ಬಡಿಯುತ್ತಿದ್ದಾರೆ. ಅವರಿಗೂ ಬೆನ್ನುನೋವು ಶುರುವಾಗಿತ್ತು. ನಾನು ಕೊಡ ಹೊತ್ತು ಹಾಗೇ ನಿಂತೆ. "ಏನ್ ನೋಡ್ತಿ? ಹಿಟ್ಟು ತಗೊಂಬಾ" ಅಂದರು. ಹಿತ್ತಲಲ್ಲಿದ್ದ ಅಕ್ಕನಿಗೆ ಹೇಳಿದೆ. "ಸುಮ್ನಿರ. ನೋಡಿದೀವಿ ಅಂತ ತೋರಿಸ್ಬ್ಯಾಡ, ಮ್ಯಾಲ ಬಂದುಬಿಡ್ತಾರ" ಅಂದಳು.

ಅಕ್ಕ ಹೋಗಿ ಬಹಳ ವರ್ಷವಾಯಿತು. ಕಡೇತನಕ ಅಲ್ಲೇ ನಿಂತು ಮಾಡಿದಳು, ನಾನೂ ಅಲ್ಲೇ ನಿಂತೆ. ಅತ್ತೆ ಆಕೆಗಿಂತ ಮುಂಚೆಯೇ ಹೋಗಿದ್ದರು. ಆಮೇಲೆ ಮಕ್ಕಳು ಅಡಿಗೆಮನೆಯ ನೆಲಕ್ಕೆ ಫರಸಿ ಕಲ್ಲು ಹಾಕಿಸಿ, ಕಟ್ಟೆ ಕಟ್ಟಿಸಿ, ಗ್ಯಾಸಿನ ಒಲೆ ತಂದಿಟ್ಟರು. ಸಣ್ಣ ಹುಡುಗರು ಬಿದ್ದಾರು ಅಂತ ತಗ್ಗು ಮುಚ್ಚಬೇಕಾಯಿತು. ಯಾರಿಗೂ ಕೈ ಬರಲಿಲ್ಲ, ನಾನೇ ಮೊದಲ ಬುಟ್ಟಿ ಮಣ್ಣು ಹಾಕಿದೆ... ಈಗ ಅದು ಎಲ್ಲಿತ್ತು ಅಂತ ತೋರಿಸು ಅಂದರೆ ನನಗೂ ಸರಿಯಾಗಿ ತೋರಿಸಲು ಬರುವುದಿಲ್ಲ. ಇಂಥ ಸುದ್ದಿ ಬಂದ ದಿನ ಮೊದಲು ಓಡಿಹೋಗಿ ಹೇಳಬೇಕಾದವಳು ಆಕೆ. ಹೇಳಲಿಕ್ಕೆ ಆಕೆಯೇ ಇಲ್ಲ.

ಇವತ್ತು ಸಂಜೆ ಎಲ್ಲರೂ ಒಂದೇ ಸಾಲಿಗೆ ಕೂತೆವು. ಅಕ್ಕನ ಮಕ್ಕಳು, ನನ್ನ ಮಕ್ಕಳು, ಸೊಸೆಯಂದಿರು, ಹುಡುಗರು, ಬೀಗತಿ. ಗೋಧಿ ಹುಗ್ಗಿ, ಎಣ್ಣೆಗಾಯಿ, ರೊಟ್ಟಿ. ಅಕ್ಕನ ಹಿರಿಮಗ, ಈಗ ಅವನದೂ ತಲೆ ನೆರೆತಿದೆ, ನನ್ನ ಎದುರಿಗೆ ಕೂತಿದ್ದ. ರೊಟ್ಟಿ ಮುರಿದು ಬಾಯಿಗಿಟ್ಟು ನಿಧಾನ ಅಗಿದ.

"ಏನೋ?" ಅಂದೆ.

"ಚಲೋ ಆಗ್ಯಾವ ಚಿಗವ್ವಾ. ಅವ್ವನಂಥವು ಅಲ್ಲ."

"ಅಲ್ಲ" ಅಂದೆ ನಾನು.

ರೊಟ್ಟಿ ಬಡಿದ ಸೊಸೆ ಬೇಸರ ಮಾಡಿಕೊಳ್ಳದೆ ಅವನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. ಒಳಗೆ ಕೂಸು ಮನೆ ಹಾರಿಹೋಗುವ ಹಾಗೆ ಅಳತೊಡಗಿತು. ಬೀಗತಿ, "ಹೆಣ್ಣುಕೂಸು, ಎಷ್ಟ ಒದರ್ತೈತಿ" ಅಂತ ಏಳಹೊರಟರು.

"ತಾಯಿ ಅದಾಳ ಅಲ್ಲಿ. ಒದರ್ಲಿ ಬಿಡ್ರಿ" ಅಂದೆ. "ನೀವು ಉಣ್ರಿ."

ಅವರು ಕೂತರು. ಎಲ್ಲರೂ ಉಂಡೆವು.