ಸ್ಕ್ಯಾನ್ ಕೋಣೆಯ ಹೊದಿಕೆ

ಸ್ಕ್ಯಾನ್ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಸವೆಸಿದ ಆಕೆಗೆ ಆಸ್ಪತ್ರೆಯವರು ಇಟ್ಟ ಹೆಸರು ‘ಕಲ್ಲುಮುಖದಕ್ಕ’. ತಲೆಯೊಳಗೆ ರಕ್ತ ಸೋರುತ್ತಿದ್ದರೆ ಈಗ ಕಂಪ್ಯೂಟರೇ ಪತ್ತೆಹಚ್ಚಿ ಚಿತ್ರದ ಮೇಲೆ ಕೆಂಪು ಚೌಕ ಹಾಕುತ್ತದೆ. ರೋಗಿಯ ಮುಂದೆ ಮಾತ್ರ ಆಕೆ ತುಟಿ ಪಿಟಕ್ಕೆನ್ನುವಂತಿಲ್ಲ. ಹೇಳುವುದು ಡಾಕ್ಟರ ಕೆಲಸ. ಅದಕ್ಕೇ ಚೌಕ ಕಂಡಾಗಲೆಲ್ಲ "ಚಳಿ ಆಗ್ತಿದೆಯಾ?" ಎಂದು ಹೊದಿಕೆ ಹೊದಿಸಿ, ಡಾಕ್ಟರ್ ಬರುವವರೆಗೆ ಕಾಲ ತಳ್ಳುತ್ತಿದ್ದಳು. ಈ ಉಪಾಯವನ್ನು ಊಟದ ಹೊತ್ತಿನಲ್ಲಿ ಗಂಡನಿಗೆ ಹೇಳಿದ್ದೂ ಉಂಟು.

ಇಂದು ಸ್ಕ್ಯಾನಿಗೆ ಬಂದವನು ಆ ಗಂಡನೇ. ಬೆಳಗ್ಗೆ ಮೆಟ್ಟಿಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತು.

"ನನ್ನ ತಲೇಲಿ ಏನೂ ಇಲ್ಲ ಅಂತ ದಿನಾ ಬೈತೀಯಲ್ಲ, ಇವತ್ತು ನೋಡೇಬಿಡು," ಎಂದು ನಗುತ್ತಲೇ ಮಲಗಿದ.

ಚಿತ್ರಗಳು ಒಂದೊಂದಾಗಿ ಮೂಡಿದವು. ಹದಿನಾಲ್ಕನೆಯದರ ಮೇಲೆ ಕೆಂಪು ಚೌಕ. ಆಕೆ ತಕ್ಷಣ ಫೋನೆತ್ತಿದಳು. ಅತ್ತಲಿಂದ ಡಾಕ್ಟರ್, "ಬಂದೆ, ಅವ್ರನ್ನ ಏಳೋಕೆ ಬಿಡ್ಬೇಡಿ," ಎಂದರು. ಆಕೆ ಗಂಡ ಮಲಗಿದ್ದಲ್ಲಿಗೆ ಒಳಹೋದಳು.

"ಮುಗೀತಾ? ಏಳಲಾ?"

"ಸುಮ್ನೆ ಮಲಗಿರಿ, ಇನ್ನೊಂದು ಚೂರಿದೆ."

ದನಿ ನಡುಗಲಿಲ್ಲ, ಮುಖವೂ ಕಲ್ಲಾಗಿಯೇ ಇತ್ತು. ಆದರೆ ರೂಢಿ ಬಿದ್ದ ಕೈ ಹೊದಿಕೆಯನ್ನು ಅವನ ಕೊರಳವರೆಗೆ ಎಳೆದುಬಿಟ್ಟಿತ್ತು.

ಅವನ ನಗು ನಿಂತಿತು.

"ನಂಗೆ ಚಳಿ ಇಲ್ಲ ಕಣೇ," ಎಂದ, ಆಕೆಯ ಕೈ ಹಿಡಿದು.