ಮೇಸ್ತ್ರಿಯ ಕಿವಿ

“ದಿನಾ ನೋಡಿದ್ದೀನಮ್ಮಾ,” ಎಂದಳು ಮಗಳು, ಬೂಟು ಬಿಚ್ಚುತ್ತಾ. ನಮ್ಮ ನಾಯಿಯನ್ನು ಕರೆದುಕೊಂಡು ಮಸಿನಗುಡಿಗೆ ಹೋಗಿ, ನಾಲ್ಕು ದಿನ ಇದ್ದು ಈಗಷ್ಟೇ ಮರಳಿದ್ದಾಳೆ. ಅದರ ಕಿವಿಯಲ್ಲಿ ಉಣ್ಣಿ ಇದೆಯೇ ನೋಡಿದೆಯಾ ಎಂದು ಕೇಳಿದ್ದಕ್ಕೆ ತಲೆಯನ್ನೂ ಎತ್ತದೆ ಕೊಟ್ಟ ಉತ್ತರವದು. ಆ ಧಾಟಿ ನನಗೆ ಚೆನ್ನಾಗಿ ಗೊತ್ತು ಸ್ವಾಮಿ. ಅದನ್ನು ಕಂಡುಹಿಡಿದವಳೇ ನಾನು ಅಂದರೂ ತಪ್ಪಿಲ್ಲ.

ತೊಂಬತ್ತರ ದಶಕದ ಮಾತು. ಊಟಿ ಬೆಟ್ಟದ ಮೇಲೆ, ಸೋಲೂರಿನ ನಮ್ಮ ಮನೆಯಲ್ಲಿ ಮೇಸ್ತ್ರಿ ಎಂಬ ನಾಯಿಯಿದ್ದ. ಹೆತ್ತೆ, ಅಂದರೆ ನನ್ನ ಅಜ್ಜಿ, ಚಹಾ ಎಲೆ ಕೀಳುವಾಗ ಸಾಲಿನಿಂದ ಸಾಲಿಗೆ ಹಿಂದೆಯೇ ನಡೆಯುವನು; ಯಾರಾದರೂ ಕೈ ನಿಲ್ಲಿಸಿ ಹರಟಿದರೆ ಬೊಗಳುವನು. ಹೆಸರು ತಾನಾಗಿ ಬಂತು. ತಾತ ಹೋದ ಮೇಲೆ ಹೆತ್ತೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಅವನೊಬ್ಬನ ಜೊತೆಗೇ. ನನಗೆ ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ.

ಅಂಥವನನ್ನು ರಜೆಯಲ್ಲಿ ಬೆಟ್ಟದ ಕೆಳಗಿನ ಮಸಿನಗುಡಿಯ ಮಾವನ ಮನೆಗೆ ಕರೆದೊಯ್ಯುತ್ತೇನೆಂದು ಹಟ ಹಿಡಿದೆ. “ಕೆಳಗೆ ಸೆಕೆ, ದನ, ಉಣ್ಣಿ. ದಿನಾ ಕಿವಿ ನೋಡು ಕೂಸು,” ಎಂದು ಹೆತ್ತೆ ಮಾತು ತೆಗೆದುಕೊಂಡೇ ಕಳಿಸಿದಳು. ನಾನು ನೋಡಲಿಲ್ಲ. ಮೇಸ್ತ್ರಿ ಹಗಲೆಲ್ಲ ಲಂಟಾನ ಪೊದೆಗಳಲ್ಲಿ ಜಿಂಕೆಗಳ ಮೇಲ್ವಿಚಾರಣೆ ಮಾಡಿ, ಸಂಜೆ ಕೊಟ್ಟಿಗೆಯಲ್ಲಿ ಗೋಣಿಚೀಲದ ಮೇಲೆ ಬಿದ್ದುಕೊಳ್ಳುತ್ತಿದ್ದ. ಅತ್ತೆ ತಮ್ಮ ನಾಯಿಗಳ ಬೆರಳಸಂದಿ ಬಿಡಿಸಿ ಬಿಡಿಸಿ ನೋಡುವಾಗ ನಾನು ನಗುತ್ತಿದ್ದೆ: “ನಮ್ಮ ಸೋಲೂರ ಚಳಿಗೆ ಉಣ್ಣಿ ಒಂದು ದಿನವೂ ಬದುಕಲ್ಲ ಅತ್ತೆ!” ಬೆಟ್ಟದ ಮೇಲಿನವರ ಜಂಬವೇ ಅಷ್ಟು. ಅಲ್ಲಿ ರೂಢಿಯಾದ ಗೋಣಿಚೀಲವಿಲ್ಲದೆ ಮೇಸ್ತ್ರಿ ಮಲಗುವುದಿಲ್ಲವೆಂದು, ಅದನ್ನೂ ಜೀಪಿಗೆ ಹಾಕಿಕೊಂಡು ಕಲ್ಲಟ್ಟಿ ಘಾಟಿ ಹತ್ತಿ ಬಂದೆ.

“ದಿನಾ ನೋಡಿದೆ ಹೆತ್ತೆ,” ಎಂದೆ. ಅವಳು ನಂಬಿದಳು. ಗೋಣಿಚೀಲವನ್ನು ತಾನೇ ಒಲೆಯ ಪಕ್ಕದಲ್ಲಿ ಹಾಸಿದಳು.

ಎರಡು ವಾರ ಕಳೆದವು. ಮೇಸ್ತ್ರಿ ತೋಟಕ್ಕೆ ಬರುವುದನ್ನು ಬಿಟ್ಟ, ಆಮೇಲೆ ಹಿಟ್ಟು ತಿನ್ನುವುದನ್ನೂ ಬಿಟ್ಟ. ರಾಗಿಹಿಟ್ಟಿನ ಮುದ್ದೆಗೆ ಮೂತಿ ತಿರುಗಿಸಿದವನೇ ಅಲ್ಲ ಅವನು. “ಪಾವ, ಸೀತ ಆಗಿದೆ,” ಎಂದು ಮರುಗಿ ಹೆತ್ತೆ ಅವನನ್ನು ಒಲೆಗೆ ಇನ್ನೂ ಹತ್ತಿರ ಎಳೆದಳು. ಪಕ್ಕದ ಮನೆಯವರು ಕಣ್ಣು ಬಿದ್ದಿದೆ ಎಂದರು. ಒಂದು ಬೆಳಿಗ್ಗೆ ಮೂಗಿನಿಂದ ರಕ್ತ ಬಂತು. ಹೆತ್ತೆ ಅವನನ್ನು ಕಂಬಳಿಯಲ್ಲಿ ಸುತ್ತಿ ಊಟಿ ಬಸ್ಸು ಹತ್ತಿದಳು. ನಾನೂ ಹೋದೆ.

“ಉಣ್ಣಿ ಇತ್ತಾ?” ಎಂದು ಕೇಳಿದರು ದನದ ಡಾಕ್ಟರು.

“ಇಲ್ಲ ಡಾಕ್ಟ್ರೇ. ಈ ಕೂಸು ದಿನಾ ನೋಡಿದ್ದಾಳೆ,” ಎಂದಳು ಹೆತ್ತೆ. ಹೆಮ್ಮೆಯಿಂದ ಹೇಳಿದಳು, ಅದೇ ಕಷ್ಟವಾದದ್ದು.

“ಹಾಗಾದ್ರೆ ಇಲಿ ಪಾಷಾಣ ತಿಂದಿರಬೇಕು,” ಎಂದು ಅವರು ಸೂಜಿಗೆ ಬೇರೇನೋ ಮದ್ದು ತುಂಬತೊಡಗಿದರು. ಮೇಸ್ತ್ರಿ ಮೇಜಿನ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಅಯ್ಯೋ, ನನಗೆ ತಡೆಯಲಾಗಲಿಲ್ಲ.

“ನೋಡಿಲ್ಲ! ಒಂದು ದಿನವೂ ನೋಡಿಲ್ಲ!” ಎಂದು ಗೊಳೋ ಎಂದು ಅತ್ತುಬಿಟ್ಟೆ. ಮಸಿನಗುಡಿಯಿಂದ ತಂದ ಗೋಣಿಚೀಲ ಒಲೆಯ ಪಕ್ಕದಲ್ಲಿರುವುದನ್ನೂ ಹೇಳಿದೆ.

ಡಾಕ್ಟರು ಸೂಜಿ ಕೆಳಗಿಟ್ಟು ಕಿವಿ ಮಡಿಸಿದರು. ಒಳಗೆ ಹುಣಸೆಬೀಜದಷ್ಟು ದಪ್ಪನೆಯ ಉಣ್ಣಿ. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಉಣ್ಣಿ ಕಚ್ಚಿದಾಗ ರಕ್ತಕ್ಕಿಳಿಯುವ ಬ್ಯಾಕ್ಟೀರಿಯಾದ ಜ್ವರ ಇದು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. “ನಮ್ಮ ಚಳೀಲಿ ಉಣ್ಣಿ ಎಲ್ಲಿಂದ?” ಎಂದು ಹೆತ್ತೆ ಇನ್ನೂ ಒಪ್ಪಲೊಲ್ಲಳು.

“ಚಳಿ ಹೊರಗೆ ಅಮ್ಮಾ. ನಿಮ್ಮ ಒಲೆ ಪಕ್ಕ ಮಸಿನಗುಡಿನೇ ಇದೆಯಲ್ಲ!” ಎಂದರು ಡಾಕ್ಟರು.

ಮನೆಗೆ ಬಂದು ನೋಡಿದರೆ ಗೋಣಿಚೀಲದಲ್ಲಿ, ಒಲೆಯ ಹಿಂದಿನ ಗೋಡೆಬಿರುಕಿನಲ್ಲಿ, ಅವುಗಳ ಸಂಸಾರವೇ ನಡೆದಿತ್ತು. ಚೀಲ ಸುಟ್ಟು, ಬಿರುಕುಗಳಿಗೆ ಮಣ್ಣು ಮೆತ್ತಿದೆವು. ಮೇಸ್ತ್ರಿಗೆ ವಾರಗಟ್ಟಲೆ ಮಾತ್ರೆ. ಹಿಟ್ಟಿನುಂಡೆಯಲ್ಲಿ ಅಡಗಿಸಿ ಕೊಟ್ಟರೆ ಹಿಟ್ಟು ನುಂಗಿ ಮಾತ್ರೆಯನ್ನು ನನ್ನ ಕಾಲ ಬಳಿ ಉಗಿಯುತ್ತಿದ್ದ. ಕೊನೆಗೊಂದು ದಿನ ತೋಟದಲ್ಲಿ ನನ್ನ ಮೇಲೆ ಬೊಗಳಿದ. ಹೆತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನನ್ನು ಅವಳು ಬೈಯಲೇ ಇಲ್ಲ. ಆದರೆ ಅಂದಿನಿಂದ ನಾನು ಕಿವಿ ನೋಡಿದ ಮೇಲೆ ತಾನೂ ಒಮ್ಮೆ ನೋಡುತ್ತಿದ್ದಳು. ಕೊನೆಯವರೆಗೂ.

ಇದನ್ನೆಲ್ಲ ಮಗಳಿಗೆ ನಾನು ಎಂದೂ ಹೇಳಿರಲಿಲ್ಲ. ನಾಯಿಯನ್ನು ಕರೆದು, ಕನ್ನಡಕ ಏರಿಸಿ, ಕಿವಿ ಮಡಿಸಿದೆ.

“ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?” ಮುಖ ಊದಿಸಿಕೊಂಡಳು.

“ಕೂತ್ಕೋ,” ಎಂದೆ. “ನನ್ನನ್ನೂ ಒಬ್ಬಳು ನಂಬಿದ್ದಳು. ಆ ಕಥೆ ಹೇಳ್ತೀನಿ. ಅಷ್ಟರಲ್ಲಿ ನೀನು ಆ ಇನ್ನೊಂದು ಕಿವಿ ನೋಡು.”