ಸೆಟ್ಟಿಗೆ ಹೊಲಿದ ಅಂಗಿ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಕವರಕ್ಕ ಎಂದು. ಬಸ್ಸು, ವ್ಯಾನುಗಳ ಸೀಟಿಗೆ ಕವರು ಹೊಲಿಯುವ ಅಂಗಡಿಗೆ ಮದುವೆಗೆ ಮುಂಚೆ ಸೇರಿದವಳು, ತಲೆ ನರೆತರೂ ಅದೇ ಮೆಷಿನ್ನಿನ ಮುಂದೆ ಕೂತಿದ್ದಳು. ಎಂಥ ಒರಟು ರೆಗ್ಸಿನ್ ಆದರೂ ಅವಳ ಕೈಗೆ ಬಂದರೆ ಹೇಳಿದ ಹಾಗೆ ಕೇಳುತ್ತಿತ್ತು. ಹೊಲಿದು ಉಳಿದ ತುಂಡುಗಳನ್ನು ಬಿಸಾಡಲು ಮಾತ್ರ ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಅವೆಲ್ಲ ಚೀಲ ಸೇರಿ ಮನೆಗೆ ಬರುತ್ತಿದ್ದವು. ಹೀಗಾಗಿ ಅವಳ ಮನೆಯಲ್ಲಿ ಮಿಕ್ಸಿಗೆ ಕವರು, ಫ್ರಿಜ್ಜಿನ ಹಿಡಿಕೆಗೆ ಕವರು, ಟಿವಿ ರಿಮೋಟಿಗೆ ಕವರು, ಗಂಡನ ಕೊಡೆಯ ಹಿಡಿಗೂ ಒಂದು ಕವರು.

“ನಾನು ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನನಗೂ ಒಂದು ಹೊಲಿದುಬಿಡ್ತಾಳೆ” ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಸೊಸೆಗೆ ಐವತ್ತು ದಾಟಿದ್ದರೂ ಅತ್ತೆಯ ಬಾಯಲ್ಲಿ ಅವಳಿನ್ನೂ “ಹುಡುಗಿ”ಯೇ.

ಗಂಡ ಬಸ್ ಡಿಪೋದಲ್ಲಿ ಗೇಟು ಕಾಯುತ್ತಿದ್ದವನು. ಇಂಜಿನ್ನುಗಳ ಗುಡುಗು, ಹಾರನ್ನುಗಳ ಕಿರುಚಾಟ ಕೇಳಿ ಕೇಳಿ ಕಿವಿ ತೂತಾಗಿತ್ತು. ನಿವೃತ್ತನಾದ ಮೇಲೆ ಅವನಿಗಿದ್ದದ್ದು ಒಂದೇ ಆಸೆ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಒಳ್ಳೆಯ ಹಾಡು ಕೇಳುವುದು. ಅಷ್ಟರಲ್ಲಿ ಅವನ ತಂಗಿ ಚಿಕ್ಕ ಮನೆಗೆ ಹೋಗುವವಳಿದ್ದಳು. ಅಲ್ಲಿ ಜಾಗ ಸಾಲದೆಂದು ತನ್ನ ಮನೆಯ ಆಂಪ್ಲಿಫೈಯರ್ ಸೆಟ್ಟನ್ನೂ ಎರಡು ದೊಡ್ಡ ಸ್ಪೀಕರುಗಳನ್ನೂ ಅಣ್ಣನ ಮನೆಗೆ ಕಳಿಸಿಕೊಟ್ಟಳು. ಫೋನಿನಲ್ಲಿ ತಂಗಿ ಹೇಳಿದ ಹಾಗೆ ವೈರುಗಳನ್ನು ಜೋಡಿಸಿ, ಮುಂಭಾಗದ ಕೋಣೆಯ ಸ್ಟ್ಯಾಂಡಿನ ಮೇಲೆ ಸೆಟ್ಟನ್ನು ಕೂರಿಸಿದಾಗ ಅವನ ಮುಖ ಮಗುವಿನ ಮುಖದಂತೆ ಅರಳಿತ್ತು.

ಅವನಿನ್ನೂ ಧೂಳು ಒರೆಸುತ್ತಿದ್ದಾಗಲೇ ಕವರಕ್ಕ ಟೇಪು ಹಿಡಿದು ಅಳತೆ ತೆಗೆದುಕೊಂಡಾಗಿತ್ತು.

ಆ ಕವರು ಅವಳ ಕೆಲಸಗಳಲ್ಲೇ ಶ್ರೇಷ್ಠ ಎನ್ನಬೇಕು. ಕಡುಗೆಂಪು ರೆಗ್ಸಿನ್, ಒಳಗೆ ಫೋಮಿನ ಪದರ, ಅಂಚಿಗೆ ಬಿಳಿ ಪೈಪಿಂಗು, ಗುಂಡಿಗಳು ಹೊರಗೆ ಬರಲು ಮುಂದೆ ದುಂಡಗೆ ಕತ್ತರಿಸಿ ಹೊಲಿದ ತೂತುಗಳು. ತೊಡಿಸಿದರೆ ಚರ್ಮದ ಹಾಗೆ ಮೈಗಂಟಿ ಕೂರುತ್ತಿತ್ತು. ನೋಡಿದವರೆಲ್ಲ ಹಾಡು ಮರೆತು ಕವರನ್ನು ಹೊಗಳಿದರು.

ಸೆಟ್ಟಿಗೆ ಮಾತ್ರ ಆ ಅಂಗಿ ಹಿಡಿಸಿದಂತೆ ಕಾಣಲಿಲ್ಲ. ಸಂಜೆ ಮೂವರೂ ಕೂತು ಹಾಡು ಹಾಕಿದರೆ, ನಾಲ್ಕಾರು ಹಾಡು ಹಾಡಿ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಮತ್ತೆ ಶುರು. ಕವರಕ್ಕ ಕರೆಂಟನ್ನು ಬೈದಳು. ಅತ್ತೆ, “ಪಾಪ, ಹಾಡೋನ ಗಂಟಲು ಕಟ್ಟಿದೆ” ಎಂದರು. ಗಂಡ, “ಹಳೇ ಸೆಟ್ಟಲ್ವಾ, ದಣಿಯುತ್ತೆ” ಎಂದು ಮಾತು ತೇಲಿಸಿದ.

ನಿಜ ಏನೆಂದು ಅವನಿಗೆ ಗೊತ್ತಿತ್ತು. ಮೊದಲ ವಾರದಲ್ಲೇ ಒಮ್ಮೆ ಸೆಟ್ಟು ನಿಂತಾಗ ಕವರಿನ ಕೆಳಗೆ ಕೈ ತೂರಿಸಿದ್ದ. ಒಲೆಯಿಂದ ಇಳಿಸಿದ ಬಾಣಲೆಯ ಹಾಗೆ ಸುಡುತ್ತಿತ್ತು. ಬಿಸಿಗಾಳಿ ಹೊರಗೆ ಹೋಗಲೆಂದು ಸೆಟ್ಟಿನ ತಲೆಯ ಮೇಲೆ ಸಾಲಾಗಿ ಸೀಳುಗಳಿದ್ದವು. ಆ ಸೀಳುಗಳ ಮೇಲೆಯೇ ಹೆಂಡತಿಯ ಫೋಮು ಮಲಗಿತ್ತು. ಆದರೆ ಹಗಲೆಲ್ಲ ಅಂಗಡಿಯಲ್ಲಿ ದುಡಿದು ಬಂದು, ಬೆನ್ನು ನೋವೆಂದರೂ ಬಿಡದೆ ಕೂತು ಹೊಲಿದವಳಿಗೆ ‘ನಿನ್ನ ಕವರೇ ಕಾಟ’ ಎಂದು ಹೇಳುವುದು ಹೇಗೆ?

ಅವನು ಒಂದು ಉಪಾಯ ಕಂಡುಕೊಂಡ. ಹೆಂಡತಿ ಕೆಲಸಕ್ಕೆ ಹೊರಟ ಕೂಡಲೇ ಕವರು ತೆಗೆದು ಮಂಚದ ಮೇಲಿಡುವುದು, ಮಧ್ಯಾಹ್ನವೆಲ್ಲ ಹಾಯಾಗಿ ಹಾಡು ಕೇಳುವುದು, ಅವಳು ಬರುವ ಹೊತ್ತಿಗೆ ಮತ್ತೆ ತೊಡಿಸುವುದು. ಕಾವಲಿಗೆ ತಾಯಿಯನ್ನೇ ಕಿಟಕಿಯ ಪಕ್ಕ ಕೂರಿಸಿದ. ಸೊಸೆ ಬೀದಿಯ ತಿರುವಿನಲ್ಲಿ ಕಂಡರೆ ಆಕೆ ಎರಡು ಸಲ ಕೆಮ್ಮಬೇಕು. ಮುದುಕಿಗೆ ಈ ಆಟದಲ್ಲಿ ಎಷ್ಟು ಖುಷಿ ಎಂದರೆ, ಒಮ್ಮೊಮ್ಮೆ ಹಾಲಿನವನು ಬಂದರೂ ಕೆಮ್ಮಿ ಮಗನನ್ನು ಓಡಾಡಿಸುತ್ತಿದ್ದರು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕವರಕ್ಕನ ಮೆಷಿನ್ನಿನ ಬೆಲ್ಟು ಹರಿಯಿತು. ರಿಪೇರಿಯವನು ಬರುವುದು ನಾಳೆಯೇ ಎಂದಾಗ ಅವಳು ಚೀಲ ಹೆಗಲಿಗೇರಿಸಿ ಮನೆಗೆ ಹೊರಟಳು. ಬೀದಿಯ ತಿರುವಿನಲ್ಲೇ ಹಾಡು ಕೇಳಿಸಿತು. ಅತ್ತೆ ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದರು. ಒಳಗೆ ಗಂಡ ಕಣ್ಣು ಮುಚ್ಚಿ, ಕುರ್ಚಿಯ ಕೈಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಸೆಟ್ಟು ಬರಿಮೈಯಲ್ಲಿ ಹಾಡುತ್ತಿತ್ತು. ಹಾಡು ಮುಗಿಯಿತು, ಮತ್ತೊಂದು ಶುರುವಾಯಿತು, ಅದೂ ಮುಗಿಯಿತು. ಎಲ್ಲೂ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತ ಕವರಕ್ಕನಿಗೆ ಮೆಲ್ಲಗೆ ಎಲ್ಲ ಅರ್ಥವಾಗತೊಡಗಿತು.

“ರೀ.”

ಅವನು ಗಡಬಡಿಸಿ ಎದ್ದ. “ಅಯ್ಯೋ, ಇವಳೇ! ಇಷ್ಟು ಬೇಗ? ಅದು... ಕವರು ಒಗೆಯೋಣ ಅಂತ ತೆಗೆದೆ.”

“ರೆಗ್ಸಿನ್ ಯಾರಾದ್ರೂ ಒಗೀತಾರೇನ್ರೀ?”

ಗಲಾಟೆಗೆ ಎಚ್ಚೆತ್ತ ಅತ್ತೆ ಕಿಟಕಿಯ ಬಳಿಯಿಂದ ಎರಡು ಸಲ ಜೋರಾಗಿ ಕೆಮ್ಮಿದರು.

ಕವರಕ್ಕನಿಗೆ ಮೊದಲು ಆದದ್ದು ಅವಮಾನ. ಮಂಚದ ಮೇಲಿದ್ದ ಕವರನ್ನು ಎತ್ತಿಕೊಂಡು ಮಗುಚಿ ನೋಡಿದಳು. ಫೋಮು ಹಳದಿಯಾಗಿ ಪುಡಿ ಉದುರುತ್ತಿತ್ತು. ಸೀಳುಗಳ ಗುರುತು ಅದರ ಮೇಲೆ ಬರೆ ಎಳೆದಂತೆ ಮೂಡಿತ್ತು. ಅದರ ಹಿಂದಿನ ರೆಗ್ಸಿನ್ನೂ ಮೆತ್ತಗಾಗಿ ಸುಕ್ಕುಗಟ್ಟಿತ್ತು. ಅಂಗಡಿಯ ಹಿಂದೆ ಒಮ್ಮೆ ತುಂಡುಗಳ ರಾಶಿಗೆ ಕಿಡಿ ಬಿದ್ದಾಗ ಎದ್ದ ಉರಿಯನ್ನೂ ಉಸಿರು ಕಟ್ಟಿಸುವ ಕಪ್ಪು ಹೊಗೆಯನ್ನೂ ಅವಳು ಕಣ್ಣಾರೆ ಕಂಡಿದ್ದಳು.

“ಇದು ಇಷ್ಟು ಬಿಸಿಯಾಗುತ್ತೆ ಅಂತ ನಿಮಗೆ ಗೊತ್ತಿತ್ತು. ಆದ್ರೂ ದಿನಾ ಸಂಜೆ ನಾನು ಬಂದ ಮೇಲೆ ಕವರು ತೊಡಿಸಿದ ಹಾಗೇ ಹಾಡು ಹಾಕಿ ಕೂರ್ತಿದ್ರಿ!”

“ನಿನಗೆ ಬೇಜಾರಾಗುತ್ತೆ ಅಂತ...”

“ಮನೆ ಹತ್ತಿಕೊಂಡಿದ್ರೆ ಬೇಜಾರಾಗ್ತಿರ್ಲಿಲ್ವಾ? ಕವರು ಹೋದ್ರೆ ಇನ್ನೊಂದು ಹೊಲೀತೀನಿ. ನಿಮ್ಮನ್ನ ಎಲ್ಲಿಂದ ಹೊಲಿದು ತರ್ಲಿ?”

ಅವನು ತಲೆ ತಗ್ಗಿಸಿದ. “ತಪ್ಪಾಯ್ತು ಕಣೇ.”

“ಇವನೊಬ್ಬನ್ನೇ ಬೈಬೇಡ ಹುಡುಗಿ, ಕೆಮ್ಮಿದ್ದು ನಾನು” ಎಂದರು ಅತ್ತೆ. ಸಿಟ್ಟಿನ ನಡುವೆಯೇ ಕವರಕ್ಕನಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದೇ ತಡ, ಗಂಡನಿಗೆ ಹೋದ ಜೀವ ಬಂದಂತಾಯಿತು.

ಒಮ್ಮೆ ಅನುಮಾನ ಹೊಕ್ಕ ಮೇಲೆ ಅವಳು ಅರ್ಧಕ್ಕೆ ಬಿಡುವವಳಲ್ಲ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಸ್ಟ್ಯಾಂಡನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಸಿದಳು. ಹಿಂದಿನಿಂದ ಹೊರಟ ವೈರು ಬಾಗಿಲ ಬಳಿ ಜಮಖಾನೆಯ ಕೆಳಗೆ ಹಾದುಹೋಗಿತ್ತು. ಅಂದವಾಗಿ ಕಾಣಲೆಂದು ಮುಚ್ಚಿಟ್ಟವಳೂ ಅವಳೇ. ಎತ್ತಿ ನೋಡಿದರೆ, ಎಲ್ಲರ ಕಾಲ್ತುಳಿತಕ್ಕೆ ಮೇಲಿನ ಪ್ಲಾಸ್ಟಿಕ್ ಸೀಳಿ ಒಳಗಿನ ತಾಮ್ರ ಮಿಣುಕುತ್ತಿತ್ತು. ಈ ಸಲ ಬೈಯಲು ಯಾರೂ ಸಿಗಲಿಲ್ಲ. ಟೇಪು ಸುತ್ತಿದರೆ ಸಾಕೇನೋ ಎಂದ ಗಂಡನನ್ನು ಒಂದು ನೋಟದಲ್ಲೇ ಸುಮ್ಮನಾಗಿಸಿ, ಹೊಸ ವೈರು ತರಿಸಿ ಗೋಡೆಯಂಚಿಗೆ ಹೊಡೆಸಿದಳು.

ಆಮೇಲೆ ಕೈ ಸುಮ್ಮನಿರಬೇಕಲ್ಲ! ನಾದಿನಿಯ ಮನೆಯ ಬೆಕ್ಕು ಒಂದು ಸ್ಪೀಕರಿನ ಮುಂದಿನ ಬಟ್ಟೆಯನ್ನು ಪರಚಿ ಹರಿದಿತ್ತು. ಕವರಕ್ಕ ತನ್ನ ಚೀಲದ ತುಂಡುಗಳನ್ನೆಲ್ಲ ಹರವಿಕೊಂಡು, ಒಂದೊಂದನ್ನೇ ಬಾಯಿಗೆ ಹಿಡಿದು ಉಫ್ ಎಂದು ಊದಿದಳು. ಉಸಿರು ತಡೆಯಿಲ್ಲದೆ ಆಚೆ ಹೋದ ತೆಳುವಾದ ಕಪ್ಪು ಬಟ್ಟೆಯನ್ನು ಆರಿಸಿ, ಚೌಕಟ್ಟಿಗೆ ಬಿಗಿಯಾಗಿ ಎಳೆದು ಕೂರಿಸಿದಳು. ಹಾಡು ಹಾಕಿದಾಗ ಗಂಡ ಎರಡೂ ಸ್ಪೀಕರಿಗೆ ಕಿವಿಯೊಡ್ಡಿ, “ಯಾವುದು ಹೊಸದು ಅಂತಲೇ ಗೊತ್ತಾಗಲ್ಲ ಕಣೇ” ಎಂದ. ಕಡುಗೆಂಪು ಕವರಿಗೆ ಬಂದ ಹೊಗಳಿಕೆಗಿಂತ ಈ ಮಾತು ಅವಳಿಗೆ ಹೆಚ್ಚು ರುಚಿಸಿತು.

ಧೂಳಿಗೆಂದು ಹಗುರವಾದ ಹತ್ತಿ ಮುಸುಕೊಂದನ್ನೂ ಹೊಲಿದಳು. ಆದರೆ ಅದಕ್ಕೊಂದು ಕಟ್ಟಳೆ: ಸೆಟ್ಟು ಆರಿಸಿ, ಪ್ಲಗ್ಗು ತೆಗೆದು, ಅವಳು ಅಂಗೈ ಇಟ್ಟು ‘ತಣ್ಣಗಾಯ್ತು’ ಎನ್ನುವ ತನಕ ಯಾರೂ ಹೊದಿಸುವಂತಿಲ್ಲ. ಹಾಡು ನಿಂತ ಮೇಲೆ ಮೂವರೂ ಹಾಗೇ ಕೂತು ಕಾಯುತ್ತಾರೆ. ಗಂಡ ಡಿಪೋದ ಹಳೆಯ ಕತೆ ತೆಗೆಯುತ್ತಾನೆ, ಅತ್ತೆ ಅದಕ್ಕೆ ಉಪ್ಪುಖಾರ ಹಚ್ಚುತ್ತಾರೆ. ಕವರಕ್ಕ ಆಗಾಗ ಎದ್ದು ಸೆಟ್ಟನ್ನು ಮುಟ್ಟಿ ನೋಡುತ್ತಾಳೆ. ಕೆಲವು ದಿನ ಅದು ತಣ್ಣಗಾಗಿ ಎಷ್ಟೋ ಹೊತ್ತಾಗಿದ್ದರೂ, “ಇನ್ನೂ ಸ್ವಲ್ಪ ಬೆಚ್ಚಗಿದೆ, ಕೂತಿರಿ” ಎನ್ನುತ್ತಾಳೆ.